ಮಾತಿನ ಕ್ಲಬ್ ನಾಲ್ಕೇ ತಿಂಗಳಿಗೆ ಸೊರಗಿದ್ದೇಕೆ? ಗಡಿಯಾರ, ವಿಮರ್ಶೆ ಮತ್ತು ಎಲ್ಲರ ಕೈಗೂ ಒಂದು ಕೆಲಸ

ಪ್ರಶ್ನೆ: ನಾನು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ವಯಸ್ಸು 31. ವಾರ್ಷಿಕ ಮಹಾಸಭೆಯಲ್ಲಿ ವರದಿ ಓದೋಕೆ ನಿಂತರೆ ಬಾಯಿ ಒಣಗುತ್ತದೆ, ಕಾಗದ ನಡುಗುತ್ತದೆ, ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ. ಈ ಭಯ ಹೋಗಲಿ ಅಂತ ಗೆಳೆಯರೆಲ್ಲ ಸೇರಿ, 18 ಜನ, ವಿದ್ಯಾನಗರದ ಒಂದು ಶಾಲೆಯ ಕೊಠಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಸಭೆ ಶುರು ಮಾಡಿದೆವು. ಪ್ರತಿ ಸಭೆಗೆ ಇಬ್ಬರ ಭಾಷಣ. ನಾಲ್ಕು ತಿಂಗಳಾಯಿತು, ಈಗ ಬರುವವರು ಎಂಟೇ ಜನ. ಹಿರಿಯರಿಬ್ಬರು ಅರ್ಧರ್ಧ ಗಂಟೆ ಮಾತಾಡುತ್ತಾರೆ, ಮಿಕ್ಕವರು ಚಪ್ಪಾಳೆ ತಟ್ಟಿ ಬರುತ್ತೇವೆ. ಇದನ್ನು ಸರಿಪಡಿಸುವುದು ಹೇಗೆ? ಇಂಥ ಸಭೆಗಳಿಂದ ನಾಯಕತ್ವದ ಗುಣವೂ ಬರುತ್ತದೆ ಅನ್ನುತ್ತಾರೆ. ಬರೀ ಮಾತಾಡಿದರೆ ಅದು ಹೇಗೆ ಬರುತ್ತದೆ?

ಉತ್ತರ: ಮೊದಲು ನಿಮ್ಮದೇ ಲೆಕ್ಕ ಹಾಕಿ ನೋಡೋಣ. 18 ಜನ, ಸಭೆಗೆ ಎರಡು ಭಾಷಣ ಅಂದರೆ ಎಲ್ಲರ ಸರದಿ ಮುಗಿಯೋಕೆ 9 ಸಭೆ ಬೇಕು. ಹದಿನೈದು ದಿನಕ್ಕೊಂದು ಸಭೆಯಾದರೆ 18 ವಾರ, ಹೆಚ್ಚುಕಮ್ಮಿ ನಾಲ್ಕು ತಿಂಗಳು. ಅದರಲ್ಲೂ ಹಿರಿಯರಿಬ್ಬರೇ ಸಮಯ ತಿಂದಿದ್ದರಿಂದ ಬಹಳ ಜನಕ್ಕೆ ಒಂದು ಸರದಿಯೂ ಸಿಕ್ಕಿರಲಾರದು. ಈಜು ಕಲಿಯೋಕೆ ಬಂದವರನ್ನು ನಾಲ್ಕು ತಿಂಗಳು ದಡದ ಮೇಲೆ ಕೂರಿಸಿದ ಹಾಗಾಯಿತು. ನಿಮ್ಮ ಗೆಳೆಯರು ಬಿಟ್ಟದ್ದು ಆಸಕ್ತಿ ಇಲ್ಲದೆ ಅಂತ ನನಗೆ ಅನ್ನಿಸುವುದಿಲ್ಲ. ಆ ಕೊಠಡಿಯಲ್ಲಿ ಅವರಿಗೆ ಮಾಡೋಕೆ ಏನೂ ಇರಲಿಲ್ಲ.

ಮಾತಿನ ಕ್ಲಬ್ ಅನ್ನುವ ಪದ್ಧತಿಗೆ ನೂರು ವರ್ಷ ದಾಟಿದೆ. ರಾಲ್ಫ್ ಸ್ಮೆಡ್ಲಿ ಅನ್ನುವವರು 1905ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ, ಅಲ್ಲಿನ ವೈಎಂಸಿಎ ಅನ್ನುವ ಯುವಕರ ಸಂಘಕ್ಕೆ ಬರುತ್ತಿದ್ದ ಹುಡುಗರಿಗಾಗಿ ಇದನ್ನು ಆರಂಭಿಸಿದರು. 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ಕೂಡಿದ ಸಭೆಯನ್ನು, ಇಂಥ ಕ್ಲಬ್‌ಗಳ ಒಕ್ಕೂಟವಾದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆ ತನ್ನ ಹುಟ್ಟು ಎಂದು ಎಣಿಸುತ್ತದೆ. ಅಲ್ಲಿ ಗಟ್ಟಿಯಾಗಿ ನಿಂತ ಮೂರು ಸಂಗತಿಗಳಿವೆ: ಭಾಷಣ ಚಿಕ್ಕದು, ಪ್ರತಿ ಭಾಷಣಕ್ಕೂ ತಕ್ಷಣ ವಿಮರ್ಶೆ, ಬಂದ ಪ್ರತಿಯೊಬ್ಬರಿಗೂ ಒಂದು ಪಾತ್ರ. ನಿಮ್ಮ ಸಭೆಯಲ್ಲಿ ಮೂರೂ ಇಲ್ಲ. ಆ ಸಂಸ್ಥೆಗೆ ಸೇರಲೇಬೇಕು ಅಂತಿಲ್ಲ. ಸೇರುವುದಾದರೆ ಹೊಸ ಕ್ಲಬ್‌ಗೆ ಕನಿಷ್ಠ 20 ಸದಸ್ಯರು ಬೇಕು, ಅದು ಆಮೇಲಿನ ಮಾತು. ಪದ್ಧತಿಯನ್ನಂತೂ ಎಂಟೇ ಜನ ಇಟ್ಟುಕೊಂಡು ಬರುವ ಭಾನುವಾರದಿಂದಲೇ ನಡೆಸಬಹುದು.

ಎಂಟು ಜನಕ್ಕೆ ಪಾತ್ರ ಹಂಚುವುದು ಹೀಗೆ. ಇಬ್ಬರು ಭಾಷಣಕಾರರು, ಇಬ್ಬರು ವಿಮರ್ಶಕರು, ಒಬ್ಬರು ಸಭೆ ನಡೆಸುವ ನಿರೂಪಕರು, ಒಬ್ಬರು ಟೈಮರ್, ಒಬ್ಬರು ಭಾಷೆಯನ್ನೂ ತಡವರಿಕೆಯನ್ನೂ ಗಮನಿಸುವವರು, ಒಬ್ಬರು ಆಶುಭಾಷಣ ನಡೆಸಿ ಕೊನೆಗೆ ಇಡೀ ಸಭೆಯ ಬಗ್ಗೆ ಮಾತಾಡುವವರು. ಯಾರೂ ಖಾಲಿ ಇಲ್ಲ. 12 ಜನ ಆದಾಗ ಭಾಷಣ ಮೂರಕ್ಕೇರಲಿ, ವಿಮರ್ಶಕರೂ ಮೂವರಾಗಲಿ, ಭಾಷೆ ಮತ್ತು ತಡವರಿಕೆ ಇಬ್ಬರಿಗೆ, ಆಶುಭಾಷಣ ಮತ್ತು ಸಭೆಯ ವಿಮರ್ಶೆ ಇಬ್ಬರಿಗೆ ಹೋಗಲಿ. ಹದಿನೈದು ದಿನದ ಬದಲು ವಾರಕ್ಕೊಮ್ಮೆ ಸೇರಿ. ಎಂಟು ಜನಕ್ಕೂ 12 ಜನಕ್ಕೂ ಭಾಷಣದ ಸರದಿ ನಾಲ್ಕು ವಾರಕ್ಕೊಮ್ಮೆ ಬರುತ್ತದೆ. ನಡುವಿನ ಮೂರು ವಾರವೂ ಅವರು ಎದ್ದು ನಿಂತು ಏನಾದರೂ ಮಾತಾಡುತ್ತಲೇ ಇರುತ್ತಾರೆ. ಭಯ ಕರಗುವುದು ಹಾಗೆ ಪದೇಪದೇ ಎದ್ದು ನಿಲ್ಲುವುದರಿಂದ. ವರ್ಷಕ್ಕೆರಡು ದೊಡ್ಡ ಭಾಷಣ ಮಾಡಿದರೆ ಭಯ ಹಾಗೇ ಉಳಿಯುತ್ತದೆ.

ಒಟ್ಟು ಸಭೆ 75 ನಿಮಿಷ ಮೀರದಿರಲಿ. 12 ಜನರ ಸಭೆಯ ಹಂಚಿಕೆ ಇದು: ಶುರುವಿಗೆ 5 ನಿಮಿಷ, ಪ್ರತಿ ಪಾತ್ರಧಾರಿ ತನ್ನ ಕೆಲಸವೇನು ಅಂತ ಎರಡು ವಾಕ್ಯದಲ್ಲಿ ಹೇಳೋಕೆ. ಮೂರು ಭಾಷಣ, ತಲಾ 5ರಿಂದ 7 ನಿಮಿಷ, ಪ್ರತಿಯೊಂದಕ್ಕೂ ಪರಿಚಯಕ್ಕೆ 1 ನಿಮಿಷ, ಮುಗಿದ ಮೇಲೆ ಎಲ್ಲರೂ ಭಾಷಣಕಾರರಿಗೆ ಅಭಿಪ್ರಾಯದ ಚೀಟಿ ಬರೆಯೋಕೆ ಮೌನದ 1 ನಿಮಿಷ, ಒಟ್ಟು 27. ಆಶುಭಾಷಣಕ್ಕೆ 15. ವಿಮರ್ಶೆಗಳಿಗೆ 10. ಟೈಮರ್, ಭಾಷೆ, ತಡವರಿಕೆಯ ವರದಿಗಳಿಗೆ 6. ಇಡೀ ಸಭೆಯ ವಿಮರ್ಶೆಗೆ 5. ಮುಂದಿನ ವಾರದ ಪಾತ್ರ ಹಂಚೋಕೆ 5. ಅಲ್ಲಿಗೆ 73 ಆಯಿತು. ಏಳೂವರೆಗೆ ಶುರುವಾದರೆ ಎಂಟೂ ಮುಕ್ಕಾಲಿಗೆ ಬಾಗಿಲು ಹಾಕಬಹುದು, ದೋಸೆಗೂ ಹೊತ್ತಿರುತ್ತದೆ. ಚಹಾ ಕೊಡುವುದಿದ್ದರೆ ಕೊನೆಗೆ ಕೊಡಿ. ಮೊದಲೇ ಕೊಟ್ಟರೆ ಏಳೂವರೆಯ ಸಭೆ ಎಂಟಕ್ಕೆ ಜಾರುತ್ತದೆ, ಸಮಯಕ್ಕೆ ಸರಿಯಾಗಿ ಬಂದವರು ಮುಂದಿನ ವಾರ ತಾವೂ ತಡ ಮಾಡುತ್ತಾರೆ.

ಹಾರ, ಶಾಲು, ದೀಪ, ವೇದಿಕೆ ಇವೆಲ್ಲ ಬೇಡ. ನಮ್ಮ ಕಡೆ ನಾಲ್ಕು ಜನ ಸೇರಿದರೆ ಸಾಕು, ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಅಂತ ಸಮಾರಂಭವೇ ಆಗಿಬಿಡುತ್ತದೆ. ಸಮಾರಂಭಕ್ಕೆ ಅದು ಒಪ್ಪುತ್ತದೆ, ಅಭ್ಯಾಸಕ್ಕೆ ಒಪ್ಪುವುದಿಲ್ಲ. ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿ, ಬರುವವರ ಲೆಕ್ಕಕ್ಕೆ ಸರಿಯಾಗಿ ಇಟ್ಟು, ಹೆಚ್ಚಿನವನ್ನು ಗೋಡೆಗೆ ಒಟ್ಟಿಬಿಡಿ. ಖಾಲಿ ಕುರ್ಚಿಗಳ ಮುಂದೆ ಮಾತಾಡುವುದು ಹೊಸಬರಿಗೆ ಕಷ್ಟ. ಈ ಅಳತೆಯ ಕೊಠಡಿಗೆ ಮೈಕ್ ಬೇಕಾಗಿಲ್ಲ. ಇನ್ನೊಂದು ಮಾತು: ಸದಸ್ಯರಲ್ಲಿ ಹೆಣ್ಣುಮಕ್ಕಳಿದ್ದರೆ ಸ್ವಾಗತ ಮತ್ತು ವಂದನೆಯನ್ನು ಅವರಿಗೇ ಮೀಸಲಿಟ್ಟು ಕೂರಬೇಡಿ. ಸಭೆಯ ವಿಮರ್ಶೆ, ಟೈಮರ್, ಅಧ್ಯಕ್ಷತೆ ಅವರ ಪಾಲಿಗೂ ಸಮನಾಗಿ ಬರಬೇಕು.

ಗಡಿಯಾರ

ನಿಮ್ಮ ಅರ್ಧ ಗಂಟೆಯ ಹಿರಿಯರ ಸಮಸ್ಯೆ ಮಾತಿನಿಂದ ಬಗೆಹರಿಯುವುದಿಲ್ಲ. "ಸರ್, ಸ್ವಲ್ಪ ಚಿಕ್ಕದಾಗಿ" ಅಂತ ಯಾರು ಹೇಳುವುದು? ಆ ಕೆಲಸವನ್ನು ಬಣ್ಣದ ಹಲಗೆಗೆ ಬಿಡಿ. ಹಸಿರು, ಹಳದಿ, ಕೆಂಪು ಮೂರು ಚಾರ್ಟ್ ಪೇಪರನ್ನು ಎ4 ಅಳತೆಗೆ ಕತ್ತರಿಸಿ ರಟ್ಟಿಗೆ ಅಂಟಿಸಿ. 5ರಿಂದ 7 ನಿಮಿಷದ ಭಾಷಣಕ್ಕೆ 5 ನಿಮಿಷಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು. ಒಂದರಿಂದ ಎರಡು ನಿಮಿಷದ ಆಶುಭಾಷಣಕ್ಕೆ 1 ನಿಮಿಷ, ಒಂದೂವರೆ, 2. ಎರಡರಿಂದ ಮೂರು ನಿಮಿಷದ ವಿಮರ್ಶೆಗೆ 2, ಎರಡೂವರೆ, 3. ಕೆಂಪು ಎತ್ತಿ 30 ಸೆಕೆಂಡ್ ಆದ ಮೇಲೂ ಮಾತು ನಡೆದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಲಿ. ಈ 30 ಸೆಕೆಂಡಿನ ವಿನಾಯಿತಿ ಟೋಸ್ಟ್‌ಮಾಸ್ಟರ್ಸ್ ಸ್ಪರ್ಧೆಗಳಲ್ಲೂ ಇದೆ. ಅಲ್ಲಿ ಏಳೂವರೆ ನಿಮಿಷ ದಾಟಿದ ಭಾಷಣ ಸ್ಪರ್ಧೆಯಿಂದಲೇ ಹೊರಗೆ.

ಟೈಮರ್ ಕೆಲಸ ಸುಲಭ ಅನ್ನಿಸುತ್ತದೆ, ಆದರೆ ಎಡವುವುದು ಇಲ್ಲೇ ಹೆಚ್ಚು. ಭಾಷಣ ಚೆನ್ನಾಗಿದ್ದರೆ ಕೇಳುತ್ತಾ ಮೈಮರೆತು ಹಲಗೆ ಎತ್ತುವುದೇ ಮರೆಯುತ್ತದೆ. ಎತ್ತಿದರೂ ಒಂದು ಕ್ಷಣ ತೋರಿಸಿ ಇಳಿಸಿಬಿಡುತ್ತಾರೆ, ಅಷ್ಟರಲ್ಲಿ ಭಾಷಣಕಾರ ಇನ್ನೊಂದು ಕಡೆ ನೋಡುತ್ತಿರುತ್ತಾನೆ. ಮುಂದಿನ ಬಣ್ಣ ಬರುವವರೆಗೆ ಹಲಗೆಯನ್ನು ಎದೆಯ ಮುಂದೆ ಹಿಡಿದೇ ಇರಬೇಕು. ಕೂರುವ ಜಾಗ ಹಿಂದಿನ ಸಾಲಿನ ನಡುಮಧ್ಯ, ಭಾಷಣಕಾರನ ಕಣ್ಣಿಗೆ ನೇರ. ಫೋನಿನ ಸ್ಟಾಪ್‌ವಾಚ್ ಬಳಸುವುದಾದರೆ ಫ್ಲೈಟ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ಗಮನವೆಲ್ಲ ಅತ್ತ ಹೋಗುತ್ತದೆ. ಎಣಿಕೆ ಶುರುವಾಗಬೇಕಾದ್ದು ಭಾಷಣಕಾರನ ಮೊದಲ ಮಾತಿನಿಂದ, ಹೆಸರು ಕರೆದಾಗಿನಿಂದ ಅಲ್ಲ. ಕೊನೆಗೆ ವರದಿಯಲ್ಲಿ ಹೆಸರು ಮತ್ತು ಸಮಯ ಮಾತ್ರ ಇರಲಿ: "ಮೊದಲ ಭಾಷಣ 6 ನಿಮಿಷ 40 ಸೆಕೆಂಡ್, ಎರಡನೆಯದು 8 ನಿಮಿಷ 5 ಸೆಕೆಂಡ್." ಟೀಕೆ, ತಮಾಷೆ ಬೇಡ.

ಹಿರಿಯರಿಬ್ಬರಿಗೂ ಈ ನಿಯಮ ಸಭೆಗೆ ಮುಂಚೆಯೇ ಗೊತ್ತಿರಬೇಕು. ಅವರ ಮನೆಗೆ ಹೋಗಿ, ಹೊಸ ಪದ್ಧತಿ ತೋರಿಸಿ, "ಮೊದಲನೇ ಭಾಷಣ ನೀವೇ ಮಾಡಿ ದಾರಿ ತೋರಿಸಬೇಕು" ಅಂತ ಕೇಳಿಕೊಳ್ಳಿ. ಬಹುತೇಕ ಹಿರಿಯರು ಇದಕ್ಕೆ ಸಂತೋಷದಿಂದಲೇ ಒಪ್ಪುತ್ತಾರೆ. ಅವರು ಉದ್ದ ಮಾತಾಡುತ್ತಿದ್ದದ್ದು ಅಹಂಕಾರದಿಂದಲ್ಲ, ತಡೆಯುವ ಗಡಿ ಎಲ್ಲೂ ಕಾಣದೆ. ಮೊದಲ ವಾರ ಕೆಂಪು ಹಲಗೆಗೆ ಅವರು ನಿಂತರು ಅಂದರೆ ಆಮೇಲೆ ಯಾರೂ ಮೀರುವುದಿಲ್ಲ.

ವಿಮರ್ಶೆಯ ಮೂರು ನಿಮಿಷ

ಇಡೀ ಸಭೆಯಲ್ಲಿ ಯಾವುದನ್ನು ಬಿಟ್ಟರೂ ನಡೆದೀತು, ಇದನ್ನು ಬಿಟ್ಟರೆ ನಡೆಯದು. ತನ್ನ ಮಾತು ಎದುರಿಗಿದ್ದವರಿಗೆ ಹೇಗೆ ಕೇಳಿಸಿತು ಅಂತ ಭಾಷಣಕಾರನಿಗೆ ತಾನಾಗಿ ತಿಳಿಯುವ ದಾರಿಯೇ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಎರಡೇ ಬಗೆ. ಒಂದು, "ತುಂಬಾ ಚೆನ್ನಾಗಿತ್ತು, ಹೀಗೇ ಮುಂದುವರಿಸಿ." ಇನ್ನೊಂದು, ಉತ್ತರ ಪತ್ರಿಕೆ ತಿದ್ದಿದ ಹಾಗೆ ಹನ್ನೊಂದು ತಪ್ಪಿನ ಪಟ್ಟಿ. ಮೊದಲನೆಯದರಿಂದ ಕಲಿಯುವುದು ಏನೂ ಇಲ್ಲ, ಎರಡನೆಯದನ್ನು ಕೇಳಿದವರು ಮುಂದಿನ ವಾರ ಬರುವುದಿಲ್ಲ.

ಒಳ್ಳೆಯ ವಿಮರ್ಶೆ ಭಾಷಣಕ್ಕೆ ಮುಂಚೆಯೇ ಶುರುವಾಗುತ್ತದೆ. ವಿಮರ್ಶಕರು ಭಾಷಣಕಾರರ ಹತ್ತಿರ ಹೋಗಿ, "ಇವತ್ತು ನಾನು ಯಾವುದನ್ನು ಗಮನಿಸಲಿ?" ಅಂತ ಕೇಳಬೇಕು. ಧ್ವನಿಯೋ, ಕೈಗಳೋ, ಕೊನೆಯ ಮಾತೋ, ಅವರೇ ಹೇಳುತ್ತಾರೆ. ಭಾಷಣ ನಡೆಯುವಾಗ ವಿಮರ್ಶಕರ ಹಾಳೆಯಲ್ಲಿ ಅಭಿಪ್ರಾಯ ಬೇಡ, ಕೇಳಿಸಿದ ಪದಗಳನ್ನೇ ಬರೆದುಕೊಳ್ಳಲಿ. ಎಡಕ್ಕೆ ನಾಟಿದ್ದು, ಬಲಕ್ಕೆ ಕೈತಪ್ಪಿದ್ದು. ಮಾತಾಡುವಾಗ ಮನಸ್ಸಿಗೆ ನಾಟಿದ್ದು ಎರಡು, ಬದಲಿಸಬೇಕಾದ್ದು ಒಂದು, ಅದನ್ನು ಬದಲಿಸುವ ಬಗೆ. ಅಷ್ಟೇ. ಒಂದಕ್ಕಿಂತ ಹೆಚ್ಚು ಹೇಳಿದರೆ ಮುಂದಿನ ಭಾಷಣದಲ್ಲಿ ಒಂದನ್ನೂ ತಿದ್ದಿಕೊಳ್ಳೋಕೆ ಆಗುವುದಿಲ್ಲ.

ಉದಾಹರಣೆಗೆ, ಊರಿನ ಹತ್ತಿ ಗಿರಣಿಯ ಸೈರನ್ ಬಗ್ಗೆ ಒಬ್ಬರು ಆರು ನಿಮಿಷ ಮಾತಾಡಿದರು ಅಂತಿಟ್ಟುಕೊಳ್ಳಿ. ವಿಮರ್ಶೆ ಹೀಗಿರಬಹುದು: "ಸೈರನ್ ನಿಂತ ವರ್ಷ ನಿಮ್ಮ ಅಜ್ಜಿ ಮನೆಗೆ ಮೊದಲನೇ ಗಡಿಯಾರ ತಂದರು ಅಂದಿರಲ್ಲ, ಅದು ನನ್ನಲ್ಲಿ ಉಳಿಯಿತು. ಆ ಮಾತಾದ ಮೇಲೆ ನೀವು ಎರಡು ಸೆಕೆಂಡ್ ಸುಮ್ಮನೆ ನಿಂತಿರಿ, ಅದಕ್ಕೇ ನಾಟಿತು. ಶಿಫ್ಟ್ ಬಿಟ್ಟಾಗ ಬರುತ್ತಿದ್ದ ಸೈಕಲ್ಲುಗಳ ಬಗ್ಗೆ ಹೇಳುವಾಗ ಎಡಗಡೆಯ ಸಾಲನ್ನೂ ನೋಡಿ ಮಾತಾಡಿದಿರಿ, ನಮ್ಮನ್ನೂ ಸೇರಿಸಿಕೊಂಡ ಹಾಗಾಯಿತು. ಮೂರನೇ ನಿಮಿಷದಲ್ಲಿ ಐದು ಗಿರಣಿಗಳ ಹೆಸರು, ಇಸವಿ ಒಟ್ಟಿಗೆ ಬಂದವು. ಎರಡನೆಯದಾದ ಮೇಲೆ ನನಗೆ ಹಿಡಿತ ತಪ್ಪಿತು. ಮುಂದಿನ ಸಲ ನಿಮ್ಮ ಅಜ್ಜ ದುಡಿದ ಒಂದೇ ಗಿರಣಿ ಹಿಡಿಯಿರಿ, ಮಿಕ್ಕವನ್ನು 'ಇನ್ನೂ ನಾಲ್ಕಿದ್ದವು' ಅಂತ ಒಂದೇ ಮಾತಲ್ಲಿ ದಾಟಿ ನೋಡಿ." ಇದಕ್ಕೆ ಒಂದೂವರೆ ನಿಮಿಷವೂ ಬೇಕಾಗಿಲ್ಲ. "ನಿಮ್ಮದು ತಪ್ಪು" ಅನ್ನುವುದು ಇದರಲ್ಲಿ ಎಲ್ಲೂ ಇಲ್ಲ, "ನನಗೆ ಹೀಗೆ ಕೇಳಿಸಿತು" ಅಂತ ಇದೆ. 24ರ ಹುಡುಗಿ 60ರ ನಿವೃತ್ತ ಮೇಷ್ಟ್ರ ಭಾಷಣವನ್ನು ವಿಮರ್ಶಿಸುವಾಗಲೂ ಇದೇ ಧಾಟಿ ಕೈಹಿಡಿಯುತ್ತದೆ. "ಸರ್, ಮುಂದಿನ ಸಲ ಹೀಗೆ ಮಾಡಿ ನೋಡಬಹುದೇನೋ" ಅಂದರೆ ಮರ್ಯಾದೆಯೂ ಉಳಿಯಿತು, ವಿಷಯವೂ ಮುಟ್ಟಿತು.

ವಿಮರ್ಶೆಗೆ ಉತ್ತರ ಕೊಡುವ ಹಾಗಿಲ್ಲ ಅನ್ನುವ ನಿಯಮ ಮಾಡಿ. "ಇಲ್ಲ, ನಾನು ಹೇಳಿದ್ದು ಹಾಗಲ್ಲ" ಅಂತ ಚರ್ಚೆ ಶುರುವಾದರೆ ಹದಿನೈದು ನಿಮಿಷ ಹೋಯಿತು. ಭಾಷಣಕಾರ ಬರೆದುಕೊಂಡು ಧನ್ಯವಾದ ಹೇಳಲಿ, ಸಾಕು.

ತಡವರಿಕೆ, ಭಾಷೆ, ಆಶುಭಾಷಣ

ಕನ್ನಡದಲ್ಲಿ ಬರೀ "ಆಂ... ಊಂ..." ಎಣಿಸಿದರೆ ಸಾಲದು. ನಮ್ಮ ತಡವರಿಕೆಗಳು ಬೇರೆಯೇ ಇವೆ: "ಅಂದ್ರೆ", "ಮತ್ತೆ", "ಏನಪ್ಪಾ ಅಂದ್ರೆ", "ಹಂಗಾಗಿ", "ಸೋ", "ಆ್ಯಕ್ಚುಲಿ". ವೇದಿಕೆಯದ್ದು ಇನ್ನೊಂದು ಜಾತಿ: "ಈ ಸಂದರ್ಭದಲ್ಲಿ ನಾನು ಹೇಳಲು ಇಚ್ಛೆಪಡುವುದೇನೆಂದರೆ." ಇಷ್ಟು ಹೇಳಿದರೂ ಏನೂ ಹೇಳಿದ ಹಾಗಾಗಲಿಲ್ಲ. ಎಣಿಸುವವರು ಹೆಸರಿನ ಮುಂದೆ ಗೀಟು ಹಾಕುತ್ತಾ ಹೋಗಲಿ, ಕೊನೆಗೆ "ನಿಮ್ಮದು 'ಅಂದ್ರೆ' 14 ಸಲ" ಅಂತ ಸಂಖ್ಯೆ ಮಾತ್ರ ಓದಲಿ. ದಂಡ ಹಾಕಬೇಡಿ, ನಗಬೇಡಿ. ಆ ಪದ ಬರುವುದು ಮುಂದಿನ ಮಾತನ್ನು ತಲೆ ಹುಡುಕುತ್ತಿರುವಾಗ. ಹುಡುಕುವ ಆ ಹೊತ್ತಿನಲ್ಲಿ ಬಾಯಿ ಮುಚ್ಚಿ ನಿಲ್ಲೋಕೆ ಕಲಿತರೆ ಅದು ತಾನೇ ಉದುರುತ್ತದೆ. ಮೂರು ಸೆಕೆಂಡಿನ ಮೌನ ಮಾತಾಡುವವನಿಗೆ ಯುಗದಷ್ಟು ಉದ್ದ ಅನ್ನಿಸುತ್ತದೆ. ಕೇಳುವವರಿಗೆ ಅದು ಬರೀ ಉಸಿರು.

ಭಾಷೆ ಗಮನಿಸುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. "ಐತೆ", "ಮಾಡಾಕತ್ತೀನಿ" ಅನ್ನುವುದು ತಪ್ಪಲ್ಲ, ತಿದ್ದಬೇಡಿ. ದಾವಣಗೆರೆ, ಹರಿಹರ, ಜಗಳೂರು ಕಡೆಯ ಮಾತಿನಲ್ಲಿ ನಿಂತು ತನ್ನ ಅನುಭವ ಹೇಳುವವನ ಧ್ವನಿಗೆ ಬಲ ಬರುವುದೇ ಅದರಿಂದ. ಗ್ರಾಂಥಿಕ ಕನ್ನಡದಲ್ಲೇ ಮಾತಾಡಬೇಕು ಅಂತ ಹೊರಟವರು ಅರ್ಧಕ್ಕೆ ಪದ ಸಿಗದೆ ನಿಂತುಬಿಡುತ್ತಾರೆ. ಎಷ್ಟೋ ಜನರ "ಸಭಾಕಂಪ" ಅಂದರೆ ಇದೇ. ಹಕಾರ ಬಿಡುವುದು, ಶ-ಸ ವ್ಯತ್ಯಾಸ ಇಂಥವನ್ನು ಭಾಷಣಕಾರರೇ ಕೇಳಿಕೊಂಡರೆ ಮಾತ್ರ ಖಾಸಗಿಯಾಗಿ ಹೇಳಿ. ಭಾಷೆಯ ವರದಿಯಲ್ಲಿ ಆ ದಿನ ಕೇಳಿದ ಒಂದೆರಡು ಚಂದದ ಪ್ರಯೋಗ ಎತ್ತಿ ಹೇಳುವುದು ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆಶುಭಾಷಣದಲ್ಲಿ ಪ್ರಶ್ನೆ ಮೊದಲು, ಒಂದೆರಡು ಸೆಕೆಂಡ್ ಬಿಟ್ಟು ಹೆಸರು. ಹೆಸರು ಮೊದಲೇ ಕರೆದರೆ ಮಿಕ್ಕವರು ಯೋಚಿಸುವುದನ್ನೇ ಬಿಟ್ಟು ನಿರಾಳವಾಗುತ್ತಾರೆ. "ಭ್ರಷ್ಟಾಚಾರದ ಬಗ್ಗೆ ಮಾತಾಡಿ" ಅನ್ನುವಂಥ ಪ್ರಶ್ನೆಗೆ ಪತ್ರಿಕೆಯ ಸಂಪಾದಕೀಯವೇ ಹೊರಬರುತ್ತದೆ. "ಹೊರಗಿನ ಅತಿಥಿಗೆ ನಮ್ಮೂರಲ್ಲಿ ಅರ್ಧ ದಿನ ಮಾತ್ರ ಇದೆ, ಕುಂದವಾಡ ಕೆರೆಗೆ ಕರ್ಕೊಂಡು ಹೋಗ್ತೀರೋ ಗಾಜಿನ ಮನೆಗೋ, ಯಾಕೆ?" ಅಂತ ಕೇಳಿ. ಉತ್ತರಿಸುವವರಿಗೆ ಒಂದು ಹಿಡಿ ಇರಲಿ: ಮೊದಲ ವಾಕ್ಯದಲ್ಲಿ ಉತ್ತರ, ಆಮೇಲೆ ಒಂದು ಕಾರಣ, ಒಂದು ಘಟನೆ, ಕೊನೆಗೆ ಮತ್ತೆ ಉತ್ತರ. ಆ ದಿನ ಪಾತ್ರ ಸಿಗದವರನ್ನು ಮೊದಲು ಕರೆಯಿರಿ. ಹೊಸ ಅತಿಥಿಗಳನ್ನು ಕೇಳದೆ ಎಬ್ಬಿಸಬೇಡಿ.

ನಿಮ್ಮ ಭಯ, ನಿಮ್ಮ ವರದಿ

ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಕೈ ನಡುಗುವುದು ಅಡ್ರಿನಲಿನ್ ಕೆಲಸ. ದೇಹ ಅಪಾಯಕ್ಕೆ ಸಜ್ಜಾಗುವಾಗ ಜೊಲ್ಲು ಕಡಿಮೆಯಾಗುತ್ತದೆ, ಸ್ನಾಯು ಬಿಗಿಯುತ್ತದೆ. ಮಾತು ಶುರುವಾಗಿ ಒಂದೆರಡು ನಿಮಿಷದಲ್ಲಿ ಅದು ಸಾಮಾನ್ಯವಾಗಿ ಇಳಿಯತೊಡಗುತ್ತದೆ. ಹಾಗಾಗಿ ನೀವು ಕಾಪಾಡಿಕೊಳ್ಳಬೇಕಾದ್ದು ಆ ಮೊದಲ ಎರಡು ನಿಮಿಷವನ್ನು. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ ಮಾಡಿ. ಇಡೀ ಭಾಷಣ ಬಾಯಿಪಾಠ ಮಾಡಿದವರು ಒಂದು ಪದ ಜಾರಿದರೆ ಪೂರ್ತಿ ಜಾರುತ್ತಾರೆ. ಸರದಿ ಬರುವ ಮುಂಚೆ ನಾಲ್ಕು ಎಣಿಸುತ್ತಾ ಉಸಿರು ಎಳೆದು ಎಂಟು ಎಣಿಸುತ್ತಾ ಬಿಡಿ, ಹೀಗೆ ನಾಲ್ಕೈದು ಸಲ. ಒಂದು ಗುಟುಕು ನೀರು ಸಾಕು. ತೆಳ್ಳನೆ ಹಾಳೆ ಕೈಯ ನಡುಕವನ್ನು ಹತ್ತರಷ್ಟು ಮಾಡಿ ತೋರಿಸುತ್ತದೆ. ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾರ್ಡಿನಲ್ಲಿ ಐದಾರು ಪದ ದೊಡ್ಡದಾಗಿ ಬರೆದುಕೊಳ್ಳಿ. ಮರೆತರೆ ನಿಲ್ಲಿ, ಕಾರ್ಡ್ ನೋಡಿ, ಹಿಂದಿನ ವಾಕ್ಯವನ್ನೇ ಬೇರೆ ಮಾತಲ್ಲಿ ಹೇಳಿ. ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಕ್ಷಮೆ ಕೇಳಬೇಡಿ.

ಮೊದಲ ಭಾಷಣ ನಿಮ್ಮ ಪರಿಚಯವಾಗಲಿ, 4ರಿಂದ 6 ನಿಮಿಷ. ಹುಟ್ಟಿದ ಊರು, ಓದು, ಕೆಲಸ ಅಂತ ಅರ್ಜಿ ಓದಿದ ಹಾಗೆ ಮಾಡದೆ, ನಿಮ್ಮನ್ನು ತೋರಿಸುವ ಒಂದೇ ಘಟನೆ ಆರಿಸಿ. ವಿಷಯ ದೊಡ್ಡದಾಗುವುದೇ ಹೊಸಬರ ದೊಡ್ಡ ತಪ್ಪು. "ದಾವಣಗೆರೆಯ ಇತಿಹಾಸ" ಆರು ನಿಮಿಷಕ್ಕೆ ಹಿಡಿಸದು. "1997ರಲ್ಲಿ ನಮ್ಮದು ಜಿಲ್ಲೆಯಾದದ್ದು" ಅಂದರೂ ಹೆಚ್ಚೇ. "ಜಿಲ್ಲೆಯಾದ ಮೇಲೆ ಅಪ್ಪ ಕಚೇರಿ ಕೆಲಸಕ್ಕೆ ಚಿತ್ರದುರ್ಗದ ಬಸ್ಸು ಹತ್ತುವುದು ತಪ್ಪಿತು" ಅನ್ನುವುದು ಹಿಡಿಸುತ್ತದೆ. ಕೊನೆಯ ವಾಕ್ಯವನ್ನು ಮೊದಲು ಬರೆಯಿರಿ, ದಾರಿ ಆಮೇಲೆ. "ನಿಮಿಷಕ್ಕೆ ಇಷ್ಟು ಪದ" ಅಂತ ಇಂಗ್ಲಿಷ್ ಪುಸ್ತಕಗಳು ಕೊಡುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. "ಹೋಗಬೇಕಾಗಿರುವುದರಿಂದ" ಅನ್ನುವುದು ನಮಗೆ ಒಂದೇ ಪದ. ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ನಿಮ್ಮದೇ ಲೆಕ್ಕ ಕಂಡುಕೊಳ್ಳಿ. ಅಭ್ಯಾಸ ಮನಸ್ಸಿನಲ್ಲಿ ಬೇಡ, ನಿಂತುಕೊಂಡು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ನಾಲ್ಕು ಸಲ.

ಸಂಬೋಧನೆ ಎರಡೇ ಪದ: "ಅಧ್ಯಕ್ಷರೇ, ಗೆಳೆಯರೇ." ವೇದಿಕೆಯ ಮೇಲೆ ಆಸೀನರಾಗಿರುವ ಏಳು ಜನರ ಹೆಸರು, ಬಿರುದು ಹೇಳೋಕೆ ಒಂದು ನಿಮಿಷಕ್ಕಿಂತ ಹೆಚ್ಚು ಹೋಗುತ್ತದೆ, ಅದೂ ನಿಮ್ಮ ಎದೆ ಹೊಡೆದುಕೊಳ್ಳುವ ಆ ಮೊದಲ ನಿಮಿಷವೇ. ಒಂದು ಹೆಸರು ಬಿಟ್ಟುಹೋದರೆ ಆ ದಿಗಿಲು ಬೇರೆ.

ಇನ್ನು ಮಹಾಸಭೆಯ ವರದಿ. ಓದುವ ಪ್ರತಿಯನ್ನು ಬೇರೆಯಾಗಿ, 16 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಎರಡು ಪಟ್ಟು ಜಾಗ ಬಿಟ್ಟು ಮುದ್ರಿಸಿ. ಪುಟದ ಮೇಲಿನ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಕೆಳಗಿನವರೆಗೂ ಇದ್ದರೆ ತಲೆ ಬಗ್ಗಿ ಧ್ವನಿ ಎದೆಗೆ ಇಳಿಯುತ್ತದೆ. ವಾಕ್ಯ ಒಂದು ಪುಟದಿಂದ ಇನ್ನೊಂದಕ್ಕೆ ದಾಟಬಾರದು. ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲ್ಲಿನಲ್ಲಿ ಓರೆಗೆರೆ ಹಾಕಿ. ಪುಟಸಂಖ್ಯೆ ಹಾಕಿ, ಪಿನ್ ಹೊಡೆಯಬೇಡಿ; ಓದಿದ ಹಾಳೆಯನ್ನು ಮಗುಚದೆ ಪಕ್ಕಕ್ಕೆ ಸರಿಸಿ. ಠೇವಣಿ 3,47,82,615 ರೂಪಾಯಿ ಇದ್ದರೆ "ಸುಮಾರು ಮೂರು ಕೋಟಿ ನಲವತ್ತೆಂಟು ಲಕ್ಷ" ಅಂತ ಓದಿ, ಪೂರ್ತಿ ಅಂಕಿ ಸದಸ್ಯರ ಕೈಯಲ್ಲಿರುವ ಮುದ್ರಿತ ವರದಿಯಲ್ಲಿರುತ್ತದೆ. ಅಲ್ಲಿ ಮೈಕ್ ಇರುತ್ತದೆ: ಬಾಯಿಂದ ಒಂದು ಗೇಣಿನೊಳಗೆ ಇರಲಿ, ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕ್ ಹಿಡಿದು ನಿಲ್ಲಬೇಡಿ. ಕೀ ಎಂದು ಕೂಗುವುದು ಈ ಎರಡು ಕಾರಣಕ್ಕೇ ಹೆಚ್ಚು. ಕ್ಲಬ್‌ನಲ್ಲಿ ಒಂದು ಸರದಿಯನ್ನು ಈ ವರದಿ ಓದುವುದಕ್ಕೇ ಇಟ್ಟುಕೊಳ್ಳಿ, ಅದೂ ಭಾಷಣವೇ.

ನಾಯಕತ್ವ ಎಲ್ಲಿಂದ ಬರುತ್ತದೆ

ಭಾಷಣದಿಂದ ಬರುವುದು ಸ್ವಲ್ಪವೇ. ಬುಧವಾರ ಸಂಜೆ ಕೈಯಲ್ಲಿ ಅರ್ಧ ಖಾಲಿ ಪಟ್ಟಿ ಹಿಡಿದು ಭಾನುವಾರದ ಸಭೆಗೆ ಎಂಟು ಜನರನ್ನು ಹೊಂದಿಸುವವನಿಗೆ ಅದು ಬರುತ್ತದೆ. ವಾಟ್ಸಾಪ್ ಗುಂಪಿನಲ್ಲಿ "ಟೈಮರ್ ಯಾರು ಮಾಡ್ತೀರಾ?" ಅಂತ ಹಾಕಿದರೆ ಎಲ್ಲರೂ ನೋಡುತ್ತಾರೆ, ಯಾರೂ ಒಪ್ಪುವುದಿಲ್ಲ. ಒಬ್ಬರಿಗೆ ಫೋನ್ ಮಾಡಿ, "ಅಕ್ಕಾ, ಈ ಸಲ ಟೈಮರ್ ನೀವೇ, ಹಲಗೆ ನಾನು ತಂದಿರ್ತೀನಿ" ಅಂದರೆ ಒಪ್ಪುತ್ತಾರೆ. ಕೆಲಸ ಯಾವುದು, ಯಾರದ್ದು, ಯಾವಾಗ, ನೆರವು ಏನು, ನಾಲ್ಕೂ ಆ ಒಂದು ವಾಕ್ಯದಲ್ಲಿವೆ. ಕಚೇರಿಯಲ್ಲೂ ಕೆಲಸ ಹಂಚುವುದು ಹೀಗೇ.

ನಿರೂಪಕನ ಕಷ್ಟವೂ ಅಂಥದ್ದೇ. ಏಳೂಕಾಲಿಗೆ ಒಬ್ಬ ಭಾಷಣಕಾರರು ಬರುವುದಿಲ್ಲ ಅಂತ ಸುದ್ದಿ ಬರುತ್ತದೆ. ಮೂರು ಪಾತ್ರವನ್ನು ತಾನೇ ಹೊತ್ತು ಸಭೆ ಉಳಿಸುವುದು ಸುಲಭದ ತಪ್ಪು; ಎರಡೇ ತಿಂಗಳಲ್ಲಿ ಅವನೊಬ್ಬನೇ ಕ್ಲಬ್ ಆಗಿಬಿಡುತ್ತಾನೆ. ಆಶುಭಾಷಣಕ್ಕೆ ಹತ್ತು ನಿಮಿಷ ಹೆಚ್ಚಿಸಿ, ವಿಮರ್ಶಕರಿಗೆ ಬೇರೆ ಕೆಲಸ ಕೊಟ್ಟು ಸಭೆಯನ್ನು ಇದ್ದಷ್ಟರಲ್ಲಿ ನಡೆಸಬೇಕು. ಪ್ರತಿ ವಾರವೂ ಒಬ್ಬ ಭಾಷಣಕಾರರನ್ನು ಕಾದಿರಿಸಿಕೊಳ್ಳುವುದು ಒಳ್ಳೆಯದು. ಅವರ ಭಾಷಣ ಮುಂದಿನ ವಾರಕ್ಕಾದರೂ ಬರುತ್ತದೆ.

ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಏಳು ಪದಾಧಿಕಾರಿಗಳಿರುತ್ತಾರೆ. ನಿಮಗೆ ಸದ್ಯ ಮೂವರು ಸಾಕು: ಅಧ್ಯಕ್ಷರು, ಪಾತ್ರಗಳ ಪಟ್ಟಿ ನೋಡಿಕೊಳ್ಳುವ ಶಿಕ್ಷಣ ಸಂಚಾಲಕರು, ಲೆಕ್ಕ ಮತ್ತು ನಡಾವಳಿ ಬರೆಯುವ ಕಾರ್ಯದರ್ಶಿ. ಅವಧಿ ಆರು ತಿಂಗಳು, ಒಬ್ಬರೇ ಸತತ ಎರಡು ಅವಧಿ ಇರುವ ಹಾಗಿಲ್ಲ. ತಲೆಗೆ ತಿಂಗಳಿಗೆ 100 ರೂಪಾಯಿ ಎತ್ತಿದರೂ ಎಂಟು ಜನಕ್ಕೆ 800 ಆಗುತ್ತದೆ. ಚಹಾ, ಚಾರ್ಟ್ ಪೇಪರ್, ಕೊಠಡಿ ಗುಡಿಸುವವರಿಗೆ ಕೊಡುವುದು ಎಲ್ಲ ಅದರಲ್ಲಿ ಮುಗಿಯಬೇಕು. ತಿಂಗಳ ಕೊನೆಯ ಸಭೆಯಲ್ಲಿ ಜಮಾ-ಖರ್ಚು ಓದಲಿ. ಸಣ್ಣ ಮೊತ್ತ ಅಂತ ಬಿಟ್ಟರೆ ಅಸಮಾಧಾನ ಹುಟ್ಟುವುದು ಅಲ್ಲಿಂದಲೇ. ಹೊಸಬರು ಬಂದಾಗ ಅವರ ಮೊದಲ ಮೂರು ಭಾಷಣಕ್ಕೆ ಒಬ್ಬ ಅನುಭವಿಯನ್ನು ಜೊತೆ ಮಾಡಿ. ನಿಮ್ಮ ಹಿರಿಯರಿಬ್ಬರಿಗೆ ಇದಕ್ಕಿಂತ ಒಪ್ಪುವ ಪಾತ್ರ ಇನ್ನೊಂದಿಲ್ಲ.

ಬಿಟ್ಟುಹೋದ ಹತ್ತು ಜನಕ್ಕೆ ಈಗಲೇ ಫೋನ್ ಮಾಡಬೇಡಿ. ಹೊಸ ಪದ್ಧತಿಯಲ್ಲಿ ನಾಲ್ಕು ಸಭೆ ನಡೆಸಿ, ಎಂಟೂ ಜನಕ್ಕೆ ಒಂದೊಂದು ಭಾಷಣ ಆಗಲಿ. ಆಮೇಲೆ ಒಬ್ಬೊಬ್ಬರಿಗೇ ಕರೆ ಮಾಡಿ, "ಬನ್ನಿ" ಅನ್ನುವುದರ ಜೊತೆಗೆ ಅವರಿಗಾಗಿ ಇಟ್ಟ ಪಾತ್ರವನ್ನೂ ದಿನಾಂಕವನ್ನೂ ಹೇಳಿ. ಅದಕ್ಕೆ ಈಗ ಬೇಕಾದ್ದು ಒಂದು 200 ಪುಟದ ನೋಟ್‌ಬುಕ್. ಮೊದಲ ಪುಟದಲ್ಲಿ ಸಮಯದ ನಿಯಮ, ಎರಡನೆಯದರಲ್ಲಿ ಎಡಕ್ಕೆ ಎಂಟು ಹೆಸರು, ಮೇಲೆ ನಾಲ್ಕು ಭಾನುವಾರದ ದಿನಾಂಕ, ಮನೆಗಳಲ್ಲಿ ಪಾತ್ರಗಳು. ಭಾಷಣಕಾರರ ಮನೆಯನ್ನು ಮೊದಲು ತುಂಬಿ, ಪ್ರತಿ ಸಾಲಿನಲ್ಲೂ ಒಂದು ಬರುವ ಹಾಗೆ. ನಿಮ್ಮ ಹೆಸರಿನ ಮುಂದೆ ಎರಡನೇ ಭಾನುವಾರಕ್ಕೆ ಬರೆದುಕೊಳ್ಳಿ. ಮೊದಲನೆಯದು ಹಿರಿಯರಿಗೆ ಕೊಟ್ಟಿದ್ದೀರಿ.